ಚಪ್ಪೆ ಸಾರಿನ ಕೊನೆಯ ಭೇಟಿ

ಬೆಟ್ಟದಲ್ಲಿ ಯಾರನ್ನೂ ಅವರ ಸ್ವಂತ ಹೆಸರು ಹಿಡಿದು ಕೂಗಬಾರದು. ಪೂಲಿ ಊರಿನ ಮಕ್ಕಳಿಗೆ ಇದನ್ನು ನಡೆಯಲು ಕಲಿಸುವಾಗಲೇ ಕಲಿಸಿಬಿಡುತ್ತಾರೆ. ನನ್ನ ಅಜ್ಜಿಯ ಕತೆಗಳಲ್ಲಿ ಕೆಂಪು ಟೊಪ್ಪಿಗೆಯ ಗಿಡ್ಡನೊಬ್ಬ ಇದ್ದ. ಮಂಜು ಇಳಿಯುವ ಹೊತ್ತಿಗೆ ಮರದ ಬುಡದಲ್ಲಿ ಕೂತು ಕಿವಿಗೊಟ್ಟಿರುತ್ತಾನೆ. ಒಂದು ಹೆಸರು ಅವನ ಕಿವಿಗೆ ಬಿದ್ದರೆ ಸಾಕು, ಮುಂದಿನ ತಿರುವಿನಲ್ಲಿ ತಾನೇ ಆ ಹೆಸರು ಹಿಡಿದು ಕರೆಯುತ್ತಾನೆ, ಅದೂ ನಿಮ್ಮ ಅಮ್ಮನ ದನಿಯಲ್ಲಿ. ಓ ಅಂದವನು ಹೋದ. ಗಿಡ್ಡ ಅವನನ್ನು ಕರೆದೊಯ್ದು ಮದುವೆಯೂಟಕ್ಕೆ ಕೂರಿಸುತ್ತಾನೆ. ಊರವರು ತಪ್ಪಲೆ ಬಡಿಯುತ್ತಾ, ಪಟಾಕಿ ಹೊಡೆಯುತ್ತಾ ಹುಡುಕಿಕೊಂಡು ಹೋದರೆ ಅವನು ಮುಳ್ಳುಪೊದೆಯೊಳಗೆ ಕೂತಿರುತ್ತಾನೆ, ಬಾಯಿತುಂಬ ಕೆಸರು, ತುಟಿಯಲ್ಲಿ ಮಿಡತೆಯ ಕಾಲು. ಹೋಗಿ ಎಷ್ಟೋ ಕಾಲವಾಗಿದ್ದರೂ, ಈಗ ತಾನೇ ಎಲೆ ಮುಂದೆ ಕೂತೆ, ಯಾಕೆ ಎಬ್ಬಿಸಿದಿರಿ ಅನ್ನುತ್ತಾನಂತೆ.

ಅದಕ್ಕೇ ನಮ್ಮಲ್ಲಿ ಬೆಟ್ಟ ಹತ್ತುವವರೆಲ್ಲ ಒಂದೊಂದು ಬೆಟ್ಟದ ಹೆಸರು ಇಟ್ಟುಕೊಳ್ಳುತ್ತಾರೆ. ‘ಮಂಜಿನ ಕಟ್ಟೆ’ಯಲ್ಲೂ ಅವೇ ಹೆಸರುಗಳು. ಕಟ್ಟೆ ಅಂದರೆ ಕಲ್ಲಿನದಲ್ಲ, ಬೆಟ್ಟದವರು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬಂದು ಕೂತು ಹರಟುವ ಜಾಲತಾಣ. ಯಾವ ತೊರೆಯಲ್ಲಿ ನೀರಿದೆ, ಯಾವ ಬಿಡಾರದ ಸೂರು ಗಾಳಿಗೆ ಹಾರಿದೆ, ಕರಡಿ ಎಲ್ಲಿ ಕಂಡಿತು, ಅಳಿಯ ಎಂಥವನು, ಎಲ್ಲವೂ ಇಪ್ಪತ್ತು ವರ್ಷದಿಂದ ಅಲ್ಲಿ ಸೇರಿಕೊಂಡಿತ್ತು. ಅದನ್ನು ಕಟ್ಟಿದವರು ‘ಹಳೇ ಬೂಟು’, ನಮ್ಮೂರಲ್ಲಿ ಬೂಟು, ಡೇರೆ, ಹಗ್ಗ ಮಾರುವ ಅಂಗಡಿಯ ಯಜಮಾನರು. ನೆಂಟರಲ್ಲದಿದ್ದರೂ ನನಗೆ ಅವರು ದೊಡ್ಡಪ್ಪ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಾರಾಟವಾಗದೆ ಉಳಿದ ಡೇರೆಗಳ ಪಕ್ಕ, ಕಟ್ಟೆಯ ಸರ್ವರ್ ಕೂತಿತ್ತು. ಅದರ ತಲೆಯ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ. ಅದನ್ನಿಟ್ಟರೆ ಯಂತ್ರ ಹೇಳಿದ ಮಾತು ಕೇಳುತ್ತದೆ, ನಮ್ಮಲ್ಲಿ ದೊಡ್ಡ ದೊಡ್ಡ ಕಚೇರಿಗಳೂ ಇಡುತ್ತವೆ. ಆದರೂ ಈ ಬೇಸಿಗೆಯಲ್ಲಿ ಯಂತ್ರ ಮಾತು ಕೇಳಲಿಲ್ಲ. ಕಾದು ಕಾದು ಆರಿಹೋಗತೊಡಗಿತು. ದೊಡ್ಡಪ್ಪ ತಿಂಡಿ ತಿಂದು ಪೊಟ್ಟಣಕ್ಕೆ ಗಾಳಿ ಊದಿ ಇಟ್ಟಿದ್ದಾರೆ ಎಂದು ಕಟ್ಟೆಯವರು ಕಾಡಿದರು. ಕೊನೆಗೆ ತೈಚುಂಗ್ ನಗರದಲ್ಲಿ ಬಾಡಿಗೆಗೆ ಹೊಸ ಸರ್ವರ್ ಗೊತ್ತುಮಾಡಿ, ಪಂಚಾಂಗ ತೆಗೆಸಿ, ಮನೆ ಬದಲಿಸುವುದಕ್ಕೆ ಒಳ್ಳೆಯದೆಂದು ಬರೆದಿದ್ದ ದಿನ ನೋಡಿದರು.

ಹೊರಡುವ ನೇಮವನ್ನೂ ದೊಡ್ಡಪ್ಪನೇ ಮಾಡಿದ್ದು. ಯಾರನ್ನೂ ಕೇಳದೆ ಅವರ ಮನೆ ಎತ್ತಿಕೊಂಡು ಹೋಗುವುದು ಸರಿಯಲ್ಲ ಎಂದರು. ಬದುಕಿರುವವರು ಕಟ್ಟೆಗೆ ಬಂದು ‘ನಾನೂ ಬರುತ್ತೇನೆ’ ಎಂಬ ಗುಂಡಿ ಒತ್ತಬೇಕು. ತೀರಿಕೊಂಡವರ ಪರವಾಗಿ ಮನೆಯವರು ಅಂಗಡಿಗೆ ಬಂದು ಊದುಬತ್ತಿ ಹಚ್ಚಿ, ಅರ್ಧಚಂದ್ರನ ಆಕಾರದ ಕಟ್ಟಿಗೆ ಬಿಲ್ಲೆಗಳನ್ನು ಎಸೆದು ಅವರ ಒಪ್ಪಿಗೆ ಕೇಳಬೇಕು. ಒಪ್ಪಿದರೆ ಅವರ ಬರಹ, ಫೋಟೋ ಎಲ್ಲ ಹೊಸ ಮನೆಗೆ ಬರುತ್ತವೆ. ಆದರೆ ಅವರ ಬಾಗಿಲಿಗೆ ಅಲ್ಲಿ ಬೀಗ ಬೀಳುತ್ತದೆ, ಆ ಹೆಸರಿನಲ್ಲಿ ಇನ್ನು ಯಾರೂ ಒಳಗೆ ಬರುವಂತಿಲ್ಲ. ಎರಡೂ ಆಗದವರದ್ದು ಹಳೆಯ ಯಂತ್ರದಲ್ಲೇ ಉಳಿದು ಅದರ ಜೊತೆಗೇ ಆರಿಹೋಗುತ್ತದೆ.

‘ಜಿಗಣೆ ರಾಣಿ’ ಎಂಬ ಮುದುಕಿ ಆ ಪ್ರಕಟಣೆಯ ಕೆಳಗೆ ಬರೆದಳು: “ನಾನು ಬದುಕಿದ್ದೀನೋ ಇಲ್ವೋ ಅಂತ ನನ್ನ ಸೊಸೆಯನ್ನ ಕೇಳಿ ಬೂಟಪ್ಪಾ, ದಿನಾ ಬೆಳಿಗ್ಗೆ ಅವಳೇ ನೋಡಿ ಬೇಜಾರು ಮಾಡ್ಕೋತಾಳೆ.”

ಎಲ್ಲರೂ ನಕ್ಕರು, ಗುಂಡಿ ಒತ್ತಿದರು. ನಾನು ಹಗಲೆಲ್ಲ ಕೈಕಾಗದದ ಕಾರ್ಖಾನೆಯಲ್ಲಿ ಒದ್ದೆ ಹಾಳೆ ಒಣಹಾಕುವವಳು. ಸಂಜೆ ಕಟ್ಟೆಯ ಕೆಲಸಕ್ಕೆ ಕೂತು, ಯಾರು ಬಂದರು ಯಾರು ಬರಲಿಲ್ಲ ನೋಡುತ್ತಿದ್ದೆ. ದಿನದಿಂದ ದಿನಕ್ಕೆ ಬಾರದವರು ಕಮ್ಮಿಯಾಗುತ್ತಾ ಬಂದು, ನನಗೆ ಒಂದೇ ಹೆಸರು ಕಾಣತೊಡಗಿತು.

ಚಪ್ಪೆ ಸಾರು. ನನ್ನ ಅಣ್ಣ.

ಬೆಟ್ಟದ ಮೇಲೆ ಅವನು ಮಾಡಿದ ಸಾರನ್ನು ಮೊದಲ ಸಲ ಉಂಡವರು ಇಟ್ಟ ಹೆಸರು ಅದು. ಐದು ವರ್ಷದ ಹಿಂದೆ ಶರತ್ಕಾಲದಲ್ಲಿ, ಪೂರ್ವದ ಏಣುಬೆಟ್ಟಕ್ಕೆ ಒಬ್ಬನೇ ಹೊರಟ. ಮೂರನೇ ಬಿಡಾರದಲ್ಲಿ ಅವನ ಡೇರೆ ಸಿಕ್ಕಿತು, ಒಳಗೆ ಮಡಿಸಿಟ್ಟ ಅಂಗಿ, ತೊಳೆದು ಬೋರಲು ಹಾಕಿದ ಬಟ್ಟಲು. ಅವನು ಸಿಗಲಿಲ್ಲ. ನಾಯಿಗಳು ಹೋದವು, ಹೆಲಿಕಾಪ್ಟರ್ ಹೋಯಿತು, ಕಟ್ಟೆಯವರು ವಾರಗಟ್ಟಲೆ ಹುಡುಕಿದರು. ಅಮ್ಮ ದಾರಿ ಶುರುವಾಗುವ ಕಡೆ ನಿಂತು, ಮನೆಯಿಂದ ಒಯ್ದ ತಪ್ಪಲೆಯನ್ನು ಅದರ ತಳ ಕುಳಿಬೀಳುವವರೆಗೂ ಬಡಿದಳು. ಅಂದಿನಿಂದ ಮನೆಯ ಹೊರಗೆ ಅವನ ನಿಜವಾದ ಹೆಸರನ್ನು ಅವಳೂ ಎತ್ತಲಿಲ್ಲ, ನನಗೂ ಎತ್ತಲು ಬಿಡಲಿಲ್ಲ.

ಅಮ್ಮ ಬೆಳಗಿನ ಜಾವಕ್ಕೆ ಎದ್ದು ಗದ್ದೆಯವರ ಕೊಟ್ಟಿಗೆಗೆ ಹೋಗಿ ತರಕಾರಿಯಾಗಿ ಮಾರುವ ನೀರುಬಿದಿರಿನ ಮೊಳಕೆ ಸುಲಿಯುತ್ತಾಳೆ. ಮನೆಗೆ ಬಂದು, ಕೈಯ ಹಸಿರು ಕಲೆ ಹೋಗುವಷ್ಟು ತಿಕ್ಕಿ ತೊಳೆದು, ಕನ್ನಡಕ ಏರಿಸಿ ಅಣ್ಣನ ಬರಹ ತೆಗೆಯುತ್ತಾಳೆ. ಬೇರೆಯವರ ಅಮ್ಮಂದಿರು ಟಿವಿ ನೋಡುವಂತೆ ಅವಳಿಗೆ ಅದು. ಯಾವ ತೊರೆಯ ನೀರು ಕಬ್ಬಿಣದ ರುಚಿ, ಯಾವ ಬಂಡೆಯ ಮೇಲೆ ಕೂತು ಅವನು ಕಿತ್ತಳೆ ಸುಲಿದ, ಎಲ್ಲ ಬಾಯಿಪಾಠ. ಅಣ್ಣನ ಬರಹದಲ್ಲಿ ಹಾಸ್ಯ ಇದ್ದ ಕಡೆ ಪ್ರತಿಸಲವೂ ಹೊಸದಾಗಿ ನಗುತ್ತಾಳೆ.

ನೇಮದ ಸುದ್ದಿಯನ್ನು ಅಮ್ಮನಿಗೆ ಹೇಳಲು ನಾನು ತುಂಬ ದಿನ ಹಿಂದೆಮುಂದೆ ನೋಡಿದೆ. ಹೇಳಿದಾಗ ಅವಳು ಈರುಳ್ಳಿ ಹೆಚ್ಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಅವನೇ ಬಂದು ಒತ್ತುತ್ತಾನೆ ಎಂದಳು. ಒತ್ತದಿದ್ದರೆ ಎಲ್ಲ ಹೋಗುತ್ತದೆ ಅಮ್ಮ, ಅಂಗಡಿಗೆ ಹೋಗಿ ಒಂದು ಸಲ ಕೇಳೋಣ ಅಂದೆ.

“ಬಿಲ್ಲೆ ಎಸೆಯೋದು ಸತ್ತವರಿಗೆ ಕಣೇ,” ಅಂದಳು. “ಇವತ್ತು ನಾನು ಎಸೆದು ಬರ್ಲಿ, ನಾಳೆ ಅವನು ಬಂದು ಬಾಗಿಲು ತಟ್ಲಿ. ಬೀಗ ಹಾಕಿರುತ್ತೆ. ಅಮ್ಮನೇ ಹಾಕಿದ್ದು ಅಂತ ಯಾರಾದ್ರೂ ಹೇಳ್ತಾರೆ. ಆಗ?”

ಒಂದು ಕಡೆ ಅವನ ಮಾತುಗಳು, ಇನ್ನೊಂದು ಕಡೆ ಅವನ ಬಾಗಿಲು. ಒಂದನ್ನು ಉಳಿಸಿಕೊಂಡರೆ ಇನ್ನೊಂದು ಕೈಬಿಡುತ್ತಿತ್ತು. ಗುಟ್ಟಾಗಿ ನಾನೇ ಅವನ ಬರಹಗಳ ಪ್ರತಿ ಮಾಡಿಟ್ಟುಕೊಳ್ಳಲೇ ಎಂದು ದೊಡ್ಡಪ್ಪನನ್ನು ಕೇಳಿದೆ. ಮಾಡಬಹುದು, ನಿನ್ನನ್ನು ತಡೆಯುವವರು ಯಾರು ಎಂದರು. ಆಮೇಲೆ ಬೂಟಿನ ಲಾಡಿ ಸುತ್ತುತ್ತಾ, ಆದರೆ ಅದು ಅವನ ಸಾಮಾನಾಗುತ್ತದೆ, ಅವನ ಮನೆಯಾಗುವುದಿಲ್ಲ, ಅಕ್ಕಪಕ್ಕದ ಮಾತು ಅಲ್ಲಿರುವುದಿಲ್ಲವಲ್ಲ ಎಂದರು. ನಿಜ. ಅವನ ಒಂದೊಂದು ಮಾತಿನ ಕೆಳಗೂ ಹತ್ತು ಜನ ಕೂತಿದ್ದರು. ಸಾರಿನ ಸುದ್ದಿ ಬಂದಲ್ಲೆಲ್ಲ ಜಿಗಣೆ ರಾಣಿ ಹಾಜರಿದ್ದಳು.

ಹೊರಡುವ ದಿನ ಹತ್ತಿರವಾದಾಗ ದೊಡ್ಡಪ್ಪ ಒಂದು ಪರೀಕ್ಷೆ ಮಾಡಿದರು. ಎಲ್ಲವನ್ನೂ ಬೇರೊಂದು ಯಂತ್ರಕ್ಕೆ ನಕಲು ಮಾಡಿ, ಇದು ಹೊಸ ಮನೆಯ ಮಾದರಿ, ಗೋಡೆ ತಟ್ಟಿ ನೋಡಿ, ಸೋರುವ ಕಡೆ ಹೇಳಿ ಎಂದು ಕಟ್ಟೆಯವರಿಗೆ ಬಾಗಿಲು ತೆರೆದರು. ನಾನು ಆ ಹೊತ್ತು ಕಾರ್ಖಾನೆಯಲ್ಲಿದ್ದೆ. ಫೋನು ಚೀಲದಲ್ಲಿತ್ತು.

ಸಂಜೆ ಮನೆಯ ತಿರುವಿಗೆ ಬರುವಾಗಲೇ ಹುರಿದ ಈರುಳ್ಳಿಯ ವಾಸನೆ ಬಂತು. ಹಬ್ಬದ ದಿನ ಮಾತ್ರ ಬರುವ ವಾಸನೆ. ಒಳಗೆ ಅಮ್ಮ ದೊಡ್ಡ ಬಾಣಲೆಯಲ್ಲಿ ಅಕ್ಕಿಶಾವಿಗೆ ಮಾಡಿದ್ದಳು, ಅಣಬೆ, ಒಣಸೀಗಡಿ, ಹಂದಿಯ ಮಾಂಸ ಧಾರಾಳವಾಗಿ ಹಾಕಿ. ಮೇಜಿನ ಮೇಲೆ ಮೂರು ಬಟ್ಟಲು ಇದ್ದವು. ತಲೆ ಬಾಚಿಕೊಂಡಿದ್ದಳು. ನನ್ನನ್ನು ಕಂಡದ್ದೇ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ದೀಪ ತರುವಂತೆ, ನನ್ನ ಮುಂದೆ ತಂದಳು.

ಅಣ್ಣನ ಹೆಸರು, ಅದರ ಪಕ್ಕದಲ್ಲಿ ಅವನ ಹಳೆಯ ಫೋಟೋ. ಕೆಳಗೆ ‘ಕೊನೆಯ ಭೇಟಿ: ಇಂದು’.

“ಬಂದಿದ್ದ,” ಅಂದಳು ಅಮ್ಮ. ಬಹಳ ಮೆಲ್ಲಗೆ, ಯಾರೋ ಒಳಗೆ ಮಲಗಿದ್ದಾರೆ ಅನ್ನುವ ಹಾಗೆ.

ನಾನೂ ನಂಬಿದೆ. ಒಂದು ಉಸಿರಿನಷ್ಟು ಹೊತ್ತು. ಪೊದೆಯೊಳಗಿಂದ ಎದ್ದು, ಬಾಯಿಯ ಕೆಸರು ಒರೆಸಿಕೊಂಡು, ಎಷ್ಟು ಹೊತ್ತಾಯ್ತು ಎಂದು ಕೇಳುತ್ತಾ ಅವನು ಇಳಿದು ಬರುವುದನ್ನು ಕಂಡೆ. ಆ ಉಸಿರು ಹೊರಗೆ ಹೋದ ಮೇಲೆ ಕೈ ತಾನಾಗಿ ಬೇರೊಂದು ಹೆಸರು ಹುಡುಕಿತು. ‘ಗೊರಕೆ ಮೇಷ್ಟ್ರು’ ಎಂದು ಒಬ್ಬರಿದ್ದರು, ಶಾಲೆಯಿಂದ ನಿವೃತ್ತರಾದವರು. ಅಣ್ಣನಿಗೆ ನಕ್ಷೆ ಓದುವುದನ್ನು ಕಲಿಸಿದವರು. ಹೋದವರ್ಷ ತೀರಿಕೊಂಡಿದ್ದರು. ಅವರ ಹೆಸರಿನ ಕೆಳಗೂ ಅದೇ ಇತ್ತು. ಕೊನೆಯ ಭೇಟಿ, ಇಂದು. ಯಾರ ಹೆಸರು ತೆಗೆದರೂ ಅದೇ. ನಕಲು ಮಾಡುವಾಗ ಯಂತ್ರ ಎಲ್ಲರ ಮೇಲೂ ಆ ದಿನದ ಮುದ್ರೆ ಒತ್ತಿಬಿಟ್ಟಿತ್ತು.

ಅಮ್ಮ ಬಟ್ಟಲಿಗೆ ಶಾವಿಗೆ ಹಾಕುತ್ತಿದ್ದಳು. ದೂರದಿಂದ ಬರಬೇಕಲ್ಲ, ತಡವಾಗಬಹುದು, ನಾವು ಶುರುಮಾಡೋಣ ಎಂದಳು. ಉಂಡಾದ ಮೇಲೆ ಹೇಳೋಣ ಅಂದುಕೊಂಡೆ. ಆದರೆ ಮೂರನೆಯ ಬಟ್ಟಲಿಗೆ ಅವಳು ಮಾಂಸದ ತುಂಡುಗಳನ್ನು ಆರಿಸಿ ಆರಿಸಿ ಹಾಕುವುದನ್ನು ನೋಡಲಾಗಲಿಲ್ಲ. ಯಂತ್ರದ ತಪ್ಪು ಅಮ್ಮ, ಎಲ್ಲರ ಹೆಸರಿಗೂ ಹಾಗೇ ಬಂದಿದೆ ಅಂದೆ.

ಅಮ್ಮ ಸೌಟು ಕೆಳಗಿಡಲಿಲ್ಲ.

“ಎಲ್ಲರಿಗೂ ಅಂದ್ರೆ?”

“ಎಲ್ಲರಿಗೂ.”

“ಮೇಷ್ಟ್ರೂ ಬಂದಿದ್ದಾರಾ ಇವತ್ತು?”

“ಬಂದಿದ್ದಾರೆ ಅಂತ ಬರ್ದಿದೆ.”

“ಮೇಷ್ಟ್ರನ್ನ ನಾವೇ ಸುಟ್ಟು ಬಂದ್ವಲ್ಲೇ ಆ-ತಾಂಗ್.”

ನಾನು ತಲೆ ಆಡಿಸಿದೆ. ಅವಳು ಫೋನು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಮೇಷ್ಟ್ರ ಹೆಸರನ್ನು ತಾನೇ ಹುಡುಕಿದಳು. ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಮೂರನೆಯ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ ಒಲೆಯ ಪಕ್ಕಕ್ಕೆ ಇಟ್ಟು, ನಮ್ಮ ಬಟ್ಟಲು ಎಳೆದುಕೊಂಡು ಉಂಡಳು, ನನ್ನನ್ನೂ ಉಣ್ಣಿಸಿದಳು. ಆ ಶಾವಿಗೆ ಎಷ್ಟು ಚೆನ್ನಾಗಿತ್ತೆಂದರೆ ಅದಕ್ಕೇ ಅಳು ಬಂತು.

ದೊಡ್ಡಪ್ಪನಿಗೆ ಫೋನು ಮಾಡಿದೆ. ಅವರು ಆಗಲೇ ಕೂತು ತಾರೀಖುಗಳನ್ನು ಸರಿ ಮಾಡಿದರು. ಅಣ್ಣನ ಹೆಸರಿನ ಕೆಳಗೆ ಐದು ವರ್ಷದ ಹಿಂದಿನ ಆ ದಿನ ಮತ್ತೆ ಬಂದು ಕೂತಿತು, ಅವನು ಬೆಟ್ಟಕ್ಕೆ ಹೊರಡುವ ಮುಂಚಿನ ದಿನ.

ಎರಡು ದಿನ ಅಮ್ಮ ಫೋನು ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ಕೊಟ್ಟಿಗೆಗೆ ಹೋಗುವ ಮೊದಲು ನನ್ನನ್ನು ಎಬ್ಬಿಸಿದಳು.

“ಅಂಗಡಿ ಯಜಮಾನ್ರಿಗೆ ಹೇಳು, ಸಂಜೆ ಬರ್ತೀನಿ. ಆ ಬಾಗಿಲು ಸುಳ್ಳು ಹೇಳುತ್ತೆ. ಅದನ್ನ ತೆರೆದಿಟ್ರೆಷ್ಟು, ಮುಚ್ಚಿದ್ರೆಷ್ಟು. ನಾನು ಅವನನ್ನೇ ಕೇಳ್ತೀನಿ.”

ಅಂಗಡಿಯ ಹಿಂದಿನ ಕೋಣೆಯಲ್ಲಿ ದೊಡ್ಡಪ್ಪ ಮೇಜು ಹಾಕಿ, ಹಣ್ಣು ಇಟ್ಟು, ಚಹಾ ಬಸಿದಿಟ್ಟಿದ್ದರು. ಊದುಬತ್ತಿಯ ಹೊಗೆ ಯಂತ್ರದ ಫ್ಯಾನಿಗೆ ಹೋಗಬಾರದೆಂದು ಒಂದು ರಟ್ಟಿನಿಂದ ಬೀಸುತ್ತಾ ನಿಂತಿದ್ದರು, ಮೊದಲು ಬಂದಿದ್ದ ಮೇಷ್ಟ್ರ ಹೆಂಡತಿ ಅದನ್ನು ನೋಡಿ, ನಮ್ಮವರ ಗೊರಕೆಗೂ ಇಷ್ಟೇ ಗಾಳಿ ಬೇಕಿತ್ತು ಎಂದು ನಕ್ಕು ಹೋಗಿದ್ದರಂತೆ. ಮೇಷ್ಟ್ರು ಒಂದೇ ಏಟಿಗೆ ಒಪ್ಪಿದ್ದರಂತೆ.

ಬಿಲ್ಲೆಗಳು ಎರಡು. ಒಂದೊಂದಕ್ಕೂ ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಎಸೆದಾಗ ಒಂದು ಚಪ್ಪಟೆ ಒಂದು ಉಬ್ಬು ಮೇಲಾದರೆ ಹೌದು. ಎರಡೂ ಉಬ್ಬು ಮೇಲಾದರೆ ಅಲ್ಲ. ಎರಡೂ ಚಪ್ಪಟೆ ಮೇಲಾದರೆ ನಗು, ಪ್ರಶ್ನೆಯೇ ಸರಿಯಿಲ್ಲ ಎಂದು. ದೊಡ್ಡ ವಿಷಯವಾದರೆ ಹೌದು ಎಂಬುದು ಒಂದರ ಹಿಂದೆ ಒಂದು ಮೂರು ಸಲ ಬರಬೇಕು.

ಅಮ್ಮ ಮಂಡಿಯೂರಿದಳು. ಕೇಳುವಾಗ ಪೂರ್ತಿ ಹೆಸರು ಹೇಳಬೇಕು, ಇಲ್ಲದಿದ್ದರೆ ಯಾರನ್ನು ಕೇಳಿದೆವು ಎಂದು ಗೊತ್ತಾಗುವುದಿಲ್ಲ. ಅವಳು ಬಾಯಿ ತೆರೆದು, ಮುಚ್ಚಿ, ಕಿಟಕಿಯತ್ತ ನೋಡಿದಳು. ಕಿಟಕಿಯಲ್ಲಿ ಬೆಟ್ಟವಿತ್ತು. ದೊಡ್ಡಪ್ಪ ಎದ್ದು ಹೋಗಿ ಕಿಟಕಿ ಹಾಕಿ ಬಂದರು.

“ಲ್ಯಾವ್ ಕಾಯ್-ಹೆಂಗ್,” ಅಂದಳು ಅಮ್ಮ. “ನಿಮ್ಮಮ್ಮ ಕೇಳ್ತಿದ್ದೀನಿ. ನೀನು ಆ ಕಡೆ ಇದ್ರೆ ಹೇಳು. ಇಲ್ಲಾಂದ್ರೆ ಇಲ್ಲ ಅನ್ನು. ಅಮ್ಮನ ಹತ್ರ ಆಟ ಬೇಡ.”

ದೊಡ್ಡಪ್ಪ ನನ್ನ ಮುಖ ನೋಡಿದರು. ಕೇಳಬೇಕಾದ ಪ್ರಶ್ನೆ ಅದಲ್ಲ, ಹೊಸ ಮನೆಗೆ ಬರುತ್ತೀಯಾ ಎಂದು ಕೇಳಬೇಕಿತ್ತು. ಇಬ್ಬರೂ ಅವಳನ್ನು ತಿದ್ದಲಿಲ್ಲ. ಅಮ್ಮ ಏನು ಲೆಕ್ಕ ಹಾಕಿದ್ದಳೆಂದು ಆಗ ನನಗೆ ಅರ್ಥವಾಯಿತು. ಬದುಕಿರುವವನು ಬಿಲ್ಲೆಗೆ ಉತ್ತರ ಕೊಡುವುದಿಲ್ಲ. ಅವಳು ‘ಅಲ್ಲ’ ಎಂಬ ಮಾತು ಕೇಳಲು ಬಂದಿದ್ದಳು.

ಮೊದಲ ಸಲ ಎರಡೂ ಚಪ್ಪಟೆ ಮೇಲೆ. “ನಗ್ತಿದ್ದಾನೆ,” ಅಂದಳು, ತಾನೂ ನಕ್ಕಳು. ಮತ್ತೆ ಎಸೆದಳು. ಒಂದು ಚಪ್ಪಟೆ, ಒಂದು ಉಬ್ಬು. ಬಿಲ್ಲೆ ಆರಿಸಿ, ಅಂಗೈಯಲ್ಲಿ ಒತ್ತಿ ಹಿಡಿದು ಮತ್ತೆ ಎಸೆದಳು. ಒಂದು ಚಪ್ಪಟೆ, ಒಂದು ಉಬ್ಬು. ಮೂರನೆಯ ಸಲ ಅವಳು ಎಸೆಯಲಿಲ್ಲ. ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವಂತೆ ಕೈಯನ್ನು ನೆಲದ ಹತ್ತಿರ ತಂದು, ಬೆರಳು ಬಿಡಿಸಿದಳು. ಒಂದು ಬಿಲ್ಲೆ ಅಲ್ಲೇ ಕೂತಿತು. ಇನ್ನೊಂದು ಉರುಳಿ ಡೇರೆಗಳ ರಾಶಿಗೆ ತಾಗಿ ನಿಂತಿತು. ದೊಡ್ಡಪ್ಪ ಬಗ್ಗಿ ನೋಡಿದರು. ನೋಡಿ, ಪಕ್ಕಕ್ಕೆ ಸರಿದು, ಅಮ್ಮ ತಾನೇ ನೋಡಲಿ ಎಂದು ಜಾಗ ಬಿಟ್ಟರು.

ಅಮ್ಮ ಮಂಡಿಯಲ್ಲೇ ಸರಿದು ಬಂದು ನೋಡಿದಳು. ಇನ್ನೊಂದು ಸಲ ಎಸೆಯಲಾ ಎಂದು ಕೇಳಿದಳು. ದೊಡ್ಡಪ್ಪ ಅವಳ ಪಕ್ಕದಲ್ಲಿ ಮಂಡಿಯೂರಿದರು.

“ಎಸೀರಿ ತಾಯಿ. ಎಷ್ಟು ಸಲ ಬೇಕಾದ್ರೂ ಎಸೀರಿ. ಅವನು ಪಾಪ, ಎಷ್ಟು ಸಲ ಅಂತ ಹೇಳ್ತಾನೆ?”

ಅಮ್ಮ ಬಿಲ್ಲೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು. ಆಮೇಲೆ, ಕೇಳದೆ ಉಳಿದಿದ್ದ ಪ್ರಶ್ನೆಯನ್ನು ಪ್ರಶ್ನೆಯಾಗಿ ಕೇಳಲಿಲ್ಲ. ಮನೆ ಬದಲಾಯಿಸ್ತಿದ್ದೀವಿ, ಬಾ, ಎಂದಷ್ಟೇ ಹೇಳಿದಳು.

ಕಟ್ಟೆಯ ಅಷ್ಟೂ ವರ್ಷದ ಫೋಟೋಗಳನ್ನು ನಮ್ಮೂರಿನ ತೆಳ್ಳಗಿನ ತಂತಿಯಲ್ಲಿ ಕಳಿಸುವುದು ಆಗದ ಮಾತು. ಎಲ್ಲವನ್ನೂ ಒಂದು ಡಿಸ್ಕಿಗೆ ತುಂಬಿ ಕೈಯಲ್ಲೇ ಒಯ್ಯಬೇಕಿತ್ತು. ದೊಡ್ಡಪ್ಪ ಬೆಳಿಗ್ಗೆಯ ಬಸ್ಸಿಗೆ ಮೊದಲೇ ತೈಚುಂಗಿಗೆ ಹೋಗಿ ಅಲ್ಲಿ ತಯಾರಿ ಮಾಡುತ್ತಿದ್ದರು. ನಾನು ಮೊಳಕೆ ಸಾಗಿಸುವ ವ್ಯಾನನ್ನು ಕೇಳಿ ತಂದಿದ್ದೆ. ಅಮ್ಮ ಡಿಸ್ಕಿನ ಡಬ್ಬಿಗೆ ಕೆಂಪು ಬಟ್ಟೆ ಸುತ್ತಿ, ಅಂಗಡಿಯ ಬಾಗಿಲಿನಿಂದ ವ್ಯಾನಿನವರೆಗೆ ಬಿಸಿಲು ತಾಗದಂತೆ ಕಪ್ಪು ಕೊಡೆ ಹಿಡಿದು ತಂದು, ತೊಡೆಯ ಮೇಲಿಟ್ಟುಕೊಂಡು ಕೂತಳು.

ಹೊಸ ಹೆದ್ದಾರಿ ಬೇಡ, ಹೊಳೆಯ ಪಕ್ಕದ ಹಳೇ ದಾರಿ ಹಿಡಿ ಎಂದಳು. ಹೊಸದರಲ್ಲಿ ದಾರಿಗಿಂತ ಸೇತುವೆಯೇ ಜಾಸ್ತಿ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯುವುದಿಲ್ಲ. ತೀರಿಕೊಂಡವರನ್ನು ಕರೆದೊಯ್ಯುವಾಗ ಪ್ರತಿ ಸೇತುವೆಯಲ್ಲೂ ಸುರಂಗದಲ್ಲೂ ಹೆಸರು ಹಿಡಿದು ಹೇಳಬೇಕು, ದಾಟುತ್ತಿದ್ದೀವಿ, ಬಾ ಎಂದು. ಹೇಳದಿದ್ದರೆ ಅವರು ನೀರಿನ ಆಚೆಯೇ ನಿಂತುಬಿಡುತ್ತಾರೆ.

ಮೊದಲ ಸೇತುವೆ ಬಂತು. ನಾನು ವ್ಯಾನು ನಿಧಾನ ಮಾಡಿದೆ. ಅಮ್ಮ ಹೊಳೆ ನೋಡುತ್ತಾ ಕೂತಿದ್ದಳು. ಸೇತುವೆ ಕಳೆಯಿತು. ಅವಳು ಬಾಯಿ ಬಿಡಲಿಲ್ಲ. ಅಮ್ಮ, ಸೇತುವೆ ಹೋಯ್ತು ಅಂದೆ. ಗೊತ್ತು ಅಂದಳು. ಇನ್ನೂ ಸ್ವಲ್ಪ ದೂರ ಹೋದೆವು. ಹಿಂದಿನಿಂದ ಬಂದ ಲಾರಿಯವನು ಹಾರ್ನು ಹೊಡೆದು ದಾಟಿಕೊಂಡು ಹೋದ.

“ವಾಪಸ್ ತಗೋ,” ಅಂದಳು. “ಅವನು ಅಲ್ಲೇ ನಿಂತಿರ್ತಾನೆ.”

ತಿರುಗಿಸಿಕೊಂಡು ಹೋದೆ. ಸೇತುವೆಯ ಆ ತುದಿಗೆ ಹೋಗಿ, ಮತ್ತೆ ಈ ಕಡೆಗೆ ಬಂದೆ. ಈ ಸಲ ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು. “ಆ-ಹೆಂಗ್, ಸೇತುವೆ ದಾಟ್ತಿದ್ದೀವಿ. ಕೆಳಗೆ ನೋಡ್ಬೇಡ, ಅಮ್ಮನ ಹಿಂದೇನೇ ಬಾ.” ಸ್ವಲ್ಪ ತಡೆದು ಸೇರಿಸಿದಳು, “ಮೇಷ್ಟ್ರೇ, ನೀವೂ ಬನ್ನಿ. ಹುಡುಗನ ಕೈ ಹಿಡ್ಕೊಳ್ಳಿ.”

ಆಮೇಲೆ ಒಂದನ್ನೂ ಬಿಡಲಿಲ್ಲ. ದೊಡ್ಡ ಸೇತುವೆಗೆ ದೊಡ್ಡ ದನಿ, ಸಣ್ಣ ಮೋರಿಗೆ ಸಣ್ಣ ದನಿ. ಸುರಂಗ ಬಂದಾಗ, ಕತ್ತಲಾಗುತ್ತೆ, ಹೆದರಬೇಡ ಅಂದಳು. ನಡುನಡುವೆ ಅವನ ಜೊತೆ ಬೇರೆ ಮಾತೂ ಶುರುವಾಯಿತು. ಕೊಟ್ಟಿಗೆಯ ಹೆಂಗಸರಲ್ಲಿ ಯಾರಿಗೆ ಮೊಮ್ಮಗು ಆಯಿತು, ಹೋದ ಗಾಳಿಮಳೆಗೆ ನಮ್ಮ ತಗಡು ಎಲ್ಲಿ ಹೋಗಿ ಬಿತ್ತು, ತಂಗಿ ನೋಡು ಇನ್ನೂ ಗೇರು ಹಾಕೋಕೆ ಕಲಿತಿಲ್ಲ. ಐದು ವರ್ಷದಿಂದ ಅವನ ಮಾತನ್ನು ಓದಿದವಳು, ಈಗ ತಾನು ಹೇಳುತ್ತಿದ್ದಳು. ನಾನು ದಾರಿ ನೋಡುತ್ತಿದ್ದೆ. ದಾರಿ ಆಗಾಗ ಮಸುಕಾಗುತ್ತಿತ್ತು.

ಬೆಟ್ಟಗಳು ಹಿಂದಕ್ಕೆ ಸರಿದವು. ಹೊಳೆ ಅಗಲವಾಗಿ, ನಮ್ಮನ್ನು ಬಿಟ್ಟು ತನ್ನ ದಾರಿ ಹಿಡಿಯಿತು. ಅಂಗಡಿಗಳು, ಸಿಗ್ನಲ್ಲು, ಸ್ಕೂಟರುಗಳು. ನೆಲ ತಟ್ಟೆಯಂತೆ ಸಮವಾಯಿತು. ದೊಡ್ಡಪ್ಪ ಫೋನು ಮಾಡಿ, ಇಲ್ಲಿ ಎಲ್ಲ ಸಿದ್ಧವಾಗಿದೆ, ಎಲ್ಲಿದ್ದೀರಿ ಎಂದು ಕೇಳಿದರು. ಹತ್ತಿರ ಬಂದೆವು ಅಂದೆ. ತಲುಪಿದ ಮೇಲೆ ಡಿಸ್ಕು ಒಳಗೆ ಹೋಗುತ್ತದೆ, ಅವನ ಬಾಗಿಲಿಗೆ ಬೀಗ ಬೀಳುತ್ತದೆ. ಅಷ್ಟೇ ಬಾಕಿ ಇದ್ದದ್ದು.

ಅಮ್ಮ ಮುಂದಕ್ಕೆ ಬಾಗಿ ದಾರಿ ನೋಡುತ್ತಿದ್ದಳು.

“ಇನ್ನು ಸೇತುವೆ ಇಲ್ವಾ?”

“ಇಲ್ಲಮ್ಮ. ಇನ್ನೆಲ್ಲಾ ಊರೇ.”

ಅವಳು ಡಬ್ಬಿಯ ಮೇಲಿನ ಕೆಂಪು ಬಟ್ಟೆಯನ್ನು ಸವರಿ ಸರಿಮಾಡಿದಳು. ಸಿಗ್ನಲ್ಲಿನಲ್ಲಿ ನಿಂತಾಗ, ಎಡಗಡೆ ಎಲ್ಲೋ ಒಂದು ಕಾಲುವೆ ಇರಬೇಕು, ನೀನು ಚಿಕ್ಕವಳಿದ್ದಾಗ ನಾನು ಇಲ್ಲಿಗೆ ತರಕಾರಿ ತರುತ್ತಿದ್ದೆ, ಅದಕ್ಕೊಂದು ಪುಟ್ಟ ಸೇತುವೆ ಇತ್ತು ಎಂದಳು. ಅದು ನಮ್ಮ ದಾರಿಯಲ್ಲ ಎಂದು ಅವಳಿಗೂ ಗೊತ್ತಿತ್ತು.

ಹಸಿರು ಬಂತು. ನಾನು ಎಡಕ್ಕೆ ತಿರುಗಿಸಿದೆ.